ಏಣಿಗೆ ಕುಂಕುಮ

ತೊಳೆದ ಲೋಹವನ್ನು ಬಣ್ಣ ಹೊಡೆಯುವ ಮೊದಲು ಬರಿಗೈಯಲ್ಲಿ ಮುಟ್ಟಬಾರದು. ಗೋವಾದ ಕುಂಡಯಿಯಲ್ಲಿರುವ ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಸಿದವನು ನಾನೇ. ಜಿಡ್ಡಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಸಮುದ್ರದ ಗಾಳಿಗೆ ಅಲ್ಲಿಂದಲೇ ತುಕ್ಕು ಶುರು.

ಅಂದು ಬಂದರಿಗೆ ಹೋಗಬೇಕಿದ್ದ ಕಬ್ಬಿಣದ ಏಣಿಗಳನ್ನು ತಪಾಸಣೆ ಮಾಡಲು ಹೋದವನು ಬಾಗಿಲಲ್ಲೇ ದಂಗಾಗಿ ನಿಂತೆ. ಆಗಷ್ಟೇ ತೊಳೆದು ಒಣಗಿಸಿದ ಮೊದಲ ಏಣಿಗೆ ಮೇಸ್ತ್ರಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದ! ಕೆಲಸಗಾರರೆಲ್ಲ ಸಾಲಾಗಿ ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಏನ್ರೀ ಇದು?" ಎಂದು ಕೂಗಿದೆ.

"ಹೊಸಾ ಆರ್ಡರ್ ಅಲ್ಲೇನ್ರಿ ಸಾಹೇಬ್ರ, ಪೂಜಿ ಮಾಡಾಕತ್ತೇವಿ. ನೀವೂ ನಮಸ್ಕಾರ ಮಾಡ್ರಿ" ಎನ್ನುತ್ತಾ ಮೇಸ್ತ್ರಿ ನನ್ನ ಕೈಯನ್ನೇ ಹಿಡಿದು ಏಣಿಗೆ ಮುಟ್ಟಿಸಿಬಿಟ್ಟ.

ಅವನು ಬಣ್ಣ ಹೊಡೆಯುವ ಶಾಂತವ್ವನ ಕಡೆ ತಿರುಗಿ, "ಹೂಂ, ಹೊಡೀ ಯಕ್ಕಾ, ಮುಹೂರ್ತ ಮೀರತೈತಿ" ಎಂದ.

"ನಮ್ಮ ಮನಿಯವರು ದಿನಾ ಬಂದರದಾಗ ಇಂಥಾ ಏಣೀನ ಹತ್ತತಾರ. ತುಕ್ಕು ತಿಂದು ಮೆಟ್ಟಲಾ ಮುರದ್ರ ನಿನ್ನ ಮುಹೂರ್ತ ಬಂದು ಹಿಡಕೋತೈತೇನೋ?"

ಅಷ್ಟಂದವಳೇ ಬಣ್ಣದ ಗನ್ ಕೆಳಗಿಟ್ಟಳು. ಕೈಗವಸು ತೊಟ್ಟು, ಏಣಿಯನ್ನು ಭಾರ ಎತ್ತುವ ಸರಪಳಿಗೆ ಸಿಕ್ಕಿಸಿ, ಕುಂಕುಮ ಮತ್ತು ನನ್ನ ಬೆರಳ ಗುರುತಿನ ಸಮೇತ ಮತ್ತೆ ತೊಳೆಯುವ ತೊಟ್ಟಿಗೆ ಇಳಿಸಿದಳು.