ಗಣೇಶಗುಡಿಯಲ್ಲಿ ವೀರೇಶ ಮೈಕ್ ಹಿಡಿದ ಸಂಜೆ

ಹಳಿಯಾಳದ ಮೈಕ್ ಸೆಟ್ಟಿನವರೆಲ್ಲ "ಹಲೋ ಹಲೋ, ಮೈಕ್ ಟೆಸ್ಟಿಂಗ್" ಎಂದು ಸ್ಪೀಕರ್ ಪರೀಕ್ಷಿಸಿದರೆ ವೀರೇಶ ಗಿಟಾರಿನ ಹಾಡು ಹಚ್ಚುತ್ತಾನೆ. ಅದೂ ಎಂಥ ಗಿಟಾರ್ ಅಂತೀರಿ! ಐವತ್ತು ವರ್ಷಗಳ ಹಿಂದೆ ಯಾವುದೋ ದೂರದೇಶದ ಬಯಲಿನಲ್ಲಿ ಉದ್ದ ಕೂದಲಿನವನೊಬ್ಬ ಕಣ್ಣು ಮುಚ್ಚಿಕೊಂಡು ಬಾರಿಸಿದ್ದು. ಒಮ್ಮೆ ಒಂದು ಗೃಹಪ್ರವೇಶಕ್ಕೆ ಆಕಳಿಗೆ ಅರಿಷಿಣ ಕುಂಕುಮ ಹಚ್ಚಿ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಆ ಸದ್ದಿಗೆ ಆಕಳು ಹಗ್ಗ ಕಿತ್ತುಕೊಂಡು ಓಡಿಹೋಯಿತು. "ಎಪ್ಪಾ ವೀರೇಶಾ, ಒಂದು ಭಕ್ತಿಗೀತೆ ಹಚ್ಚೋ ಪುಣ್ಯಾತ್ಮಾ" ಎಂದು ಮನೆಯವರು ಕೈ ಮುಗಿದರೆ, ಇವನು "ತಡೀರಿ, ಈಗ ಡ್ರಮ್ಮಿನಂವಾ ಬರ್ತಾನ" ಎಂದು ಅವರನ್ನೇ ಸುಮ್ಮನಾಗಿಸಿದ್ದ.

ಈ ಹುಚ್ಚು ಅವನಿಗೆ ಹತ್ತಿದ್ದು ದಾಂಡೇಲಿಯಲ್ಲಿ. ಐಟಿಐ ಓದಲು ಹೋದವನು ಕಾರ್ಖಾನೆಯ ಕ್ವಾರ್ಟರ್ಸ್ ಹಿಂದೆ ಒಂದು ಖೋಲಿ ಹಿಡಿದಿದ್ದ. ಪಕ್ಕದಲ್ಲಿ ಗೋವಾದ ಫಿಟರ್ ಒಬ್ಬನಿದ್ದ. ರವಿವಾರ ಬಂತೆಂದರೆ ಆತ ಮೀನು ಹುರಿಯುತ್ತ ಟೇಪ್ ರೆಕಾರ್ಡರ್ ಹಚ್ಚುತ್ತಿದ್ದ. ಲಿಂಗಾಯತರ ಈ ಹುಡುಗ ಮೂಗು ಮುಚ್ಚಿಕೊಂಡು, ಕಿವಿ ತೆರೆದುಕೊಂಡು ಅವನ ಗೋಡೆಗೆ ಆನಿಕೊಂಡು ಕೂರುತ್ತಿದ್ದ. ಓದು ಮುಗಿಯಿತು, ನೌಕರಿ ಸಿಗಲಿಲ್ಲ, ಹಾಡು ಮಾತ್ರ ಬಿಡಲಿಲ್ಲ. ಕಡೆಗೆ ಹಳಿಯಾಳಕ್ಕೆ ಬಂದು ಮೈಕ್ ಸೆಟ್ ಇಟ್ಟ. ಲಗ್ನದಲ್ಲಿ ಕೆಲಸವೂ ಆಗುತ್ತದೆ, ದೊಡ್ಡ ಸ್ಪೀಕರಿನಲ್ಲಿ ತನ್ನ ಹಾಡೂ ಕೇಳುತ್ತದೆ ಎಂಬುದು ಅವನ ಲೆಕ್ಕಾಚಾರ.

ಆ ದೂರದೇಶದವರ ಯಾವ ಸಂಗೀತ ಕಛೇರಿಯಲ್ಲಿ ಮಳೆ ಬಂತು, ಎಲ್ಲಿ ಕರೆಂಟ್ ಹೋದರೂ ಡ್ರಮ್ಮಿನವನು ಬಿಡದೆ ಬಾರಿಸಿದ, ಯಾರು ತಂತಿ ಹರಿದ ಗಿಟಾರಿನಲ್ಲೇ ಹಾಡು ಮುಗಿಸಿದ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಹಿಂದೆ ನಿಂತು ಬೇಸ್ ಗಿಟಾರ್ ಬಾರಿಸುವವನ ಹೆಸರು ಕೂಡ. ಆದರೆ ಇಂಗ್ಲಿಷ್? ಅಯ್ಯೋ, ಅದನ್ನು ಕೇಳಬೇಡಿ. ಹಾಡಿನ ಸದ್ದನ್ನಷ್ಟೇ ಬಾಯಿಪಾಠ ಮಾಡಿಕೊಂಡು, ಅರ್ಥದ ಗೊಡವೆಗೆ ಹೋಗದೆ, ಗಂಟಲು ಬಿರಿಯುವಂತೆ ಕೂಗುತ್ತಾನೆ.

ಮೊಬೈಲ್ ಬಂದ ಮೇಲೆ ಹಿಪ್-ಹಾಪ್ ಕಂಡ. ಮೊದಮೊದಲು "ಇವ್ರೇನು ಹಾಡಾಕತ್ತಾರೋ, ಜಗಳಾ ಮಾಡಾಕತ್ತಾರೋ" ಎಂದು ಮೂಗು ಮುರಿದಿದ್ದ. ಒಂದು ದಿನ ಒಂದು ವೀಡಿಯೋ ನೋಡಿದ. ಇಡೀ ಸ್ಟೇಡಿಯಂ ತುಂಬ ಜನ. ವೇದಿಕೆಯ ಮೇಲೆ ಕಪ್ಪು ಹುಡುಗನೊಬ್ಬ, ಒಬ್ಬನೇ. ಗಿಟಾರಿಲ್ಲ, ಡ್ರಮ್ಮಿಲ್ಲ, ಕೈಯಲ್ಲಿ ಒಂದು ಮೈಕ್ ಅಷ್ಟೆ. ಆ ಮೈಕೊಂದರಿಂದ ಆತ ಅಷ್ಟೂ ಜನರನ್ನು ಕುಣಿಸಿಬಿಟ್ಟ. ಹೊಟ್ಟೆಪಾಡಿಗೆ ಮೈಕ್ ನಂಬಿದ ವೀರೇಶನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಅವನ ಅಂಗಡಿಯ ಗೋಡೆಯ ಮೇಲೆ ಬಸವಣ್ಣನ ಪಕ್ಕದಲ್ಲೇ ಅಂಥ ಕಪ್ಪು ಹಾಡುಗಾರರ ಪಟಗಳು ಬಂದವು. ಹೆಂಡತಿ ಪೂರ್ಣಿಮಾ ಎಲ್ಲದಕ್ಕೂ ಒಂದೇ ಊದಿನಕಡ್ಡಿ ಬೆಳಗುತ್ತಿದ್ದಳು.

ಇಂಥ ಅಂಗಡಿಯಲ್ಲಿ ಸ್ಪೀಕರ್ ಡಬ್ಬಿ ಹೊರುವ ಕೆಲಸ ಜೈರಾಮನದು. ತೇರಗಾಂವದಾಚೆ ಕಾಡಂಚಿನ ಸಣ್ಣ ವಾಡದವನು, ಸಿದ್ದಿ ಜನಾಂಗದವನು. ಅವರ ಮುತ್ತಜ್ಜಂದಿರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಅದಾಗಿ ಎಷ್ಟೋ ತಲೆಮಾರು ಕಳೆದಿವೆ. ಈಗ ಅವರು ಹೊಲ ಮಾಡುತ್ತಾರೆ, ಕೂಲಿಗೆ ಹೋಗುತ್ತಾರೆ, ಹಳಿಯಾಳದ ಸಂತೆಯಲ್ಲಿ ನಮ್ಮ ನಿಮ್ಮ ಹಾಗೆಯೇ ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ. ಜೈರಾಮ ವರ್ಷಗಟ್ಟಲೆ ಆ ಪಟಗಳ ಕೆಳಗೇ ಕೂತು ಬುತ್ತಿ ಬಿಚ್ಚಿದ್ದಾನೆ. ಪಟದಲ್ಲಿದ್ದವರ ಮುಖವನ್ನೂ ಜೈರಾಮನ ಮುಖವನ್ನೂ ವೀರೇಶ ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ. ಕೊನೆಗೆ ಜೋಡಿಸಿದ ನೋಡಿ, ಜೋಡಿಸಬಾರದ ರೀತಿಯಲ್ಲಿ ಜೋಡಿಸಿದ.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಜೈರಾಮ ತಲೆ ಕೆರೆಯುತ್ತ ಕೇಳಿದ: "ಅಣ್ಣಾರ, ಮೂಲ್ಯಾಗ ಬಿದ್ದದ್ದು ಹಳೇ ಮೈಕ್ ಒಂದು ಕೊಡ್ತೀರೇನ್ರಿ? ಮಗಳಿಗೆ ಬೇಕಂತ. ಆಕಿ ಅದೇನೋ ಹಾಡ್ತಾಳ್ರಿ, ಮಾತಾಡಿದಂಗ."

ವೀರೇಶನ ಕಿವಿ ನೆಟ್ಟಗಾಯಿತು. ಮೈಕ್ ಕೊಡುವ ನೆಪದಲ್ಲಿ ತಾನೇ ಗಾಡಿ ತೆಗೆದ. ವಾಡದ ಅಂಗಳದಲ್ಲಿ ಜೈರಾಮನ ಮಗಳು ತುಳಜಾ ನಿಂತಿದ್ದಳು; ಹಳಿಯಾಳದ ಕಾಲೇಜಿನಲ್ಲಿ ಬಿ.ಎ. ಓದುವವಳು. ಓರಗೆಯ ಹುಡುಗಿಯರು ಬಕೆಟ್ ಬಡಿಯುತ್ತಿದ್ದರೆ ಇವಳು ಆ ಬಡಿತದ ಮೇಲೆ ಮಾತು ಓಡಿಸುತ್ತಿದ್ದಳು, ಎಲ್ಲೂ ತಾಳ ತಪ್ಪದೆ. ವೀರೇಶನ ಮೈಮೇಲೆ ಮುಳ್ಳೆದ್ದವು. ಇಷ್ಟು ವರ್ಷ ಮೊಬೈಲಿನ ಗಾಜಿನೊಳಗೆ ನೋಡಿದ್ದು ಕಣ್ಣೆದುರಿಗೇ ನಿಂತಿದೆ, ಅದೂ ತನ್ನ ಆಳಿನ ಮನೆಯಲ್ಲಿ! ಹಾಡು ಮುಗಿಯುವ ಮೊದಲೇ ಜಿಗಿದು ಚಪ್ಪಾಳೆ ಹೊಡೆದ.

"ಏನ್ ದನಿ ಐತವಾ ನಿಂದು! ನಿನ್ನ ನಾ ಸ್ಟೇಜ್ ಹತ್ತಸ್ತೇನಿ. ಬಿಡಂಗಿಲ್ಲ."

ತುಳಜಾಳ ಮುಖ ಅರಳಿತು. "ಖರೇನ ಏನ್ರಿ ಕಾಕಾ?" ಎಂದಳು. ಅವಳಿಗೆ ಬೇಕಾಗಿದ್ದುದು ಇಷ್ಟೇ: ತನ್ನ ಹಾಡನ್ನು ವಾಡದ ಹೊರಗಿನವರು ಒಮ್ಮೆ ಕೂತು ಕೇಳಬೇಕು.

ಗಣೇಶಗುಡಿಯ ಒಂದು ರೆಸಾರ್ಟಿಗೆ ವೀರೇಶ ಶನಿವಾರಗಳಂದು ಸ್ಪೀಕರ್ ಹಾಕುತ್ತಿದ್ದ. ಹೊಳೆಯಲ್ಲಿ ರಾಫ್ಟಿಂಗ್ ಮಾಡಿ ದಣಿದ ಪ್ರವಾಸಿಗರು ಸಂಜೆ ಬೆಂಕಿ ಸುತ್ತ ಕೂರುವ ಜಾಗ. ಅಲ್ಲಿಯ ಮ್ಯಾನೇಜರ್ ಸುಭಾಸ "ಗೆಸ್ಟ್ ಮಂದಿಗೆ ಏನರ ಸ್ಪೆಶಲ್ ಬೇಕ್ರಿ" ಎಂದದ್ದೇ ತಡ, ವೀರೇಶ ಎದೆ ತಟ್ಟಿಕೊಂಡ. ಬೆಳಗಾವಿಗೆ ಹೋಗಿ ಮೊಣಕಾಲು ಮುಟ್ಟುವ ಟೀ ಶರ್ಟು, ಟೊಪ್ಪಿಗೆ, ನಾಯಿ ಕಟ್ಟುವಷ್ಟು ದಪ್ಪದ ಚಿನ್ನದ ಬಣ್ಣದ ಸರ ತಂದ.

"ಕಾಕಾ, ನಾ ಚೂಡಿದಾರದಾಗ ಹಾಡ್ತೇನ್ರಿ" ಎಂದಳು ತುಳಜಾ.

"ಛೇ ಛೇ, ನಿನಗ ಗೊತ್ತಿಲ್ಲ. ಹಿಪ್-ಹಾಪ್ ಅಂದ್ರ ಹಿಂಗ ಇರಬೇಕು. ನಾ ಎಷ್ಟ್ ವೀಡಿಯೋ ನೋಡೇನಿ!"

ಅವಳು ಅಪ್ಪನ ಮುಖ ನೋಡಿದಳು. "ಅಣ್ಣಾರು ಹೇಳಾಕತ್ತಾರಲ್ಲ, ಹಾಕ್ಕೋ" ಎಂದ ಜೈರಾಮ. ಅಂಗಡಿಯಲ್ಲಿ ತಾಲೀಮು ನಡೆದದ್ದೂ ಹಾಗೆಯೇ. ಅವಳು ಎರಡು ಸಾಲು ಹಾಡುವಷ್ಟರಲ್ಲಿ ಇವನು "ನಿಲ್ಲು ನಿಲ್ಲು, ಮೈಕ್ ಹಂಗ ಹಿಡೀಬಾರ್ದು" ಎನ್ನುತ್ತಿದ್ದ. ಹೇಗೆ ನಡೆಯಬೇಕು, ಹೇಗೆ ಭುಜ ಕುಣಿಸಬೇಕು ಎಂದು ತನ್ನ ಬೊಜ್ಜು ಹೊಟ್ಟೆ ಹೊತ್ತು ತಾನೇ ನಡೆದು ತೋರಿಸುತ್ತಿದ್ದ.

ಆ ಶನಿವಾರ ಬಂತು. ಇಪ್ಪತ್ತು ವರ್ಷ ಊರವರ ಭಾಷಣಕ್ಕೆ ಮೈಕ್ ಕೊಟ್ಟ ವೀರೇಶ ಅಂದು ತಾನೇ ಮೈಕ್ ಹಿಡಿದ. ಮೊಬೈಲನ್ನು ಸ್ಟ್ಯಾಂಡಿಗೆ ಸಿಗಿಸಿ ಎಲ್ಲ ರೆಕಾರ್ಡ್ ಆಗುವಂತೆ ಇಟ್ಟಿದ್ದ. ಬೆಂಕಿ ಉರಿಯುತ್ತಿತ್ತು, ಜನ ಸೇರಿದ್ದರು. ಅವನಿಗೆ ತನ್ನ ಎದೆಬಡಿತವೇ ಡ್ರಮ್ಮಿನಂತೆ ಕೇಳುತ್ತಿತ್ತು.

"ಲೇಡೀಸ್ ಆಂಡ್ ಜಂಟಲ್‌ಮನ್! ಡೈರೆಕ್ಟ್ ಫ್ರಮ್ ಆಫ್ರಿಕಾ! ಬ್ಲ್ಯಾಕ್ ಕ್ವೀನ್! ಬ್ಲ್ಯಾಕ್ ಕ್ವೀನ್!"

ಜನ ಹೋ ಎಂದರು. ಸಿಳ್ಳೆ ಬಿದ್ದವು. ವೀರೇಶನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿರಲಿಲ್ಲ. ತನ್ನ ಗೋಡೆಯ ದೇವರುಗಳ ಸಾಲಿಗೆ ಅವಳನ್ನು ಏರಿಸಿದ್ದ. ತುಳಜಾ ಟೊಪ್ಪಿಗೆಯ ಕೆಳಗಿನಿಂದ ಒಮ್ಮೆ ಅವನನ್ನು ನೋಡಿದಳು. ಅವನು ಹೆಬ್ಬೆಟ್ಟು ಎತ್ತಿ ತೋರಿಸಿದ.

ಹಾಡು ಶುರುವಾಯಿತು. ಇವನು ದನಿ ಮರುಗುಡುವಂತೆ ಎಕೋ ಏರಿಸಿದ, ಬೇಸ್ ಏರಿಸಿದ, ಎದೆಗೂಡು ನಡುಗುವಷ್ಟು ಏರಿಸಿದ. ಲೈಟು ತಿರುಗಿಸಿದ, ಸಿಳ್ಳೆ ಹೊಡೆದ, ಜಿಗಿದ. ಮುಗಿದ ಕೂಡಲೇ ಪ್ರವಾಸಿಗರು ಸೆಲ್ಫಿಗೆ ಮುಗಿಬಿದ್ದರು. ಒಬ್ಬಳು ಕೇಳದೆಯೇ ತುಳಜಾಳ ಕೂದಲು ಮುಟ್ಟಿ ನೋಡಿದಳು. ತುಳಜಾ ಟೊಪ್ಪಿಗೆ ತೆಗೆದಳು, ಸರ ತೆಗೆದಳು, ಎರಡನ್ನೂ ವೀರೇಶನ ಸೌಂಡ್ ಮಿಕ್ಸರಿನ ಮೇಲಿಟ್ಟು ಹೋಗಿ ಗಾಡಿಯಲ್ಲಿ ಕೂತಳು. ದಾರಿಯುದ್ದಕ್ಕೂ ವೀರೇಶನೊಬ್ಬನೇ ಮಾತಾಡಿದ. "ದಣದಾಳ ಪಾಪ" ಎಂದುಕೊಂಡ, ಶಾಣ್ಯಾ!

ಮರುದಿನ ಮುಂಜಾನೆ ಅಡುಗೆಮನೆಗೇ ಹೋಗಿ ಪೂರ್ಣಿಮಾಳ ಮುಂದೆ ಮೊಬೈಲ್ ಹಿಡಿದ. ರೊಟ್ಟಿ ಬಡಿಯುತ್ತಿದ್ದವಳು ಕೈಯ ಹಿಟ್ಟು ಕೊಡವಿ ನೋಡಿದಳು.

"ಈಕಿ ನಮ್ಮ ಜೈರಾಮನ ಮಗಳಲ್ಲೇನ್ರೀ?"

"ಹೌದು ಮತ್ತ!"

"ಎಸ್ಸೆಸ್ಸೆಲ್ಸಿ ಪಾಸಾದಾಗ ಪೇಢೆ ಕೊಡಾಕ ಬಂದಿದ್ಲು. ಆಫ್ರಿಕಾಕ್ಕ ಯಾವಾಗ ಹೋಗಿದ್ಲು?"

"ಏ, ಅದು ಹಂಗಲ್ಲ, ಅದು ಸ್ಟೇಜಿಗೆ..."

"ಹೆಸರು ಎಲ್ಲಿ ಹೇಳೀರಿ?"

ವೀರೇಶ ಹಿಂದಕ್ಕೆ ತಿರುಗಿಸಿ ಹಚ್ಚಿದ. ಆಫ್ರಿಕಾ ಇತ್ತು, ಕ್ವೀನ್ ಇತ್ತು. ತುಳಜಾ ಎಂಬುದು ಎಲ್ಲೂ ಇರಲಿಲ್ಲ. ಮತ್ತೊಮ್ಮೆ ಹಚ್ಚಿದ. ಇರಲಿಲ್ಲ.

"ಅಲ್ಲಿ ನೋಡ್ರಿ" ಎಂದು ಪೂರ್ಣಿಮಾ ಮೊಬೈಲಿನ ಮೂಲೆಗೆ ಬೆರಳಿಟ್ಟಳು. ಸ್ಪೀಕರಿನ ಪಕ್ಕ ಜೈರಾಮ ನಿಂತಿದ್ದ, ಹೊಸ ಅಂಗಿ ಹಾಕಿಕೊಂಡು. ಒಬ್ಬ ಪ್ರವಾಸಿಗ ಅವನ ಹೆಗಲ ಮೇಲೆ ಕೈ ಹಾಕಿ "ಯೂ, ವಿಚ್ ಕಂಟ್ರಿ?" ಎನ್ನುತ್ತಿದ್ದ. "ಹಳಿಯಾಳ್ರಿ" ಎಂದ ಜೈರಾಮ. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಜೈರಾಮನೂ ನಕ್ಕ. ಬೇರೆ ದಾರಿಯಿಲ್ಲದವರು ನಗುತ್ತಾರಲ್ಲ, ಹಾಗೆ ನಕ್ಕ.

ವೀರೇಶ ಮೊಬೈಲ್ ಆರಿಸಿದರೂ ಆ ನಗು ಅವನ ಕಣ್ಣಿಂದ ಹೋಗಲಿಲ್ಲ. ಮಗಳ ಹಾಡು ಕೇಳಲೆಂದು ಹೊಸ ಅಂಗಿ ಹಾಕಿ ಬಂದ ತಂದೆಯನ್ನು, ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೋಗಿ, ಅವನದೇ ನೆಲದಲ್ಲಿ ಪರದೇಶಿ ಮಾಡಿ ನಿಲ್ಲಿಸಿದ್ದ. ಥೂ ನನ್ನ ಜನ್ಮಕ್ಕ, ಎಂದುಕೊಂಡ. ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಲ್ಲಿ ಬೈಯುವವರೇ ಇರಲಿಲ್ಲ.

ಸೋಮವಾರ ಜೈರಾಮ ಎಂದಿನಂತೆ ಕೆಲಸಕ್ಕೆ ಬಂದ, ಎಂದಿನಂತೆ ಡಬ್ಬಿ ಹೊತ್ತ. ಅದು ಇನ್ನೂ ಕಷ್ಟವಾಯಿತು. "ಜೈರಾಮಾ..." ಎಂದು ವೀರೇಶ ಬಾಯಿ ತೆಗೆಯುವುದು, "ಏನ್ರಿ ಅಣ್ಣಾರ" ಎಂದು ಅವನು ತಿರುಗುವುದು, "ಏನಿಲ್ಲ, ವಾಯರ್ ಸುತ್ತಿಡು" ಎನ್ನುವುದು. ಹೀಗೆಯೇ ಆ ವಾರ ಕಳೆಯಿತು. ಗೋಡೆಯ ಪಟಗಳತ್ತ ಬೆನ್ನು ಹಾಕಿ ಕೂರತೊಡಗಿದ. ಪೂರ್ಣಿಮಾ ಅದನ್ನೂ ಗಮನಿಸಿ, "ಗ್ವಾಡಿಗೆ ಕೈ ಮುಗದ್ರ ಮುಗೀತೇನ್ರಿ? ಹೋಗಿ ಆ ಹುಡುಗೀನ ಮಾತಾಡಸ್ರಿ" ಎಂದಳು.

ಹೋದ. ತುಳಜಾ ಅಂಗಳದಲ್ಲಿ ಕೂತು ಭತ್ತ ಕೇರುತ್ತಿದ್ದಳು. ಜೈರಾಮ ಗಡಬಡಿಸಿ ಚಾಪೆ ತಂದು ಹಾಸಿದ. ವೀರೇಶ ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ದೊಡ್ಡ ಭಾಷಣವನ್ನೆಲ್ಲ ಬಿಟ್ಟು ಚಾಪೆಯ ತುದಿಗೆ ಕೂತ.

"ತಪ್ಪಾತವಾ" ಎಂದ. "ನಿನ್ನ ಹೆಸರು ಹೇಳಬೇಕಿತ್ತು ನಾ. ನಿನ್ನ ಊರು ಹೇಳಬೇಕಿತ್ತು. ಜೈರಾಮಾ, ನಿನ್ನ ಮುಂದನೂ ಹೇಳಾಕತ್ತೇನಿ, ತಪ್ಪಾತು."

ಜೈರಾಮ ಎರಡೂ ಕೈ ಆಡಿಸಿ, "ಅಯ್ಯ, ಅದಕ್ಯಾಕ ಇಷ್ಟ್ ದೂರ ಬಂದ್ರಿ" ಎಂದು ಚಹಾಕ್ಕೆ ಹೇಳುವ ನೆಪ ಮಾಡಿ ಒಳಗೆ ಹೋಗಿಬಿಟ್ಟ. ತುಳಜಾ ಮೊರ ಕೆಳಗಿಟ್ಟಳು.

"ಅದು ಇರ್ಲಿ ಬಿಡ್ರಿ ಕಾಕಾ. ಎಲ್ಲಾರೂ ಹಂಗ ಅಂತಾರ, ಕೇಳಿ ಕೇಳಿ ರೂಢಿ ಆಗೇತಿ. ಹಾಡು ಹೆಂಗಿತ್ತು? ಅದನ್ನ ಹೇಳ್ರಿ."

ವೀರೇಶನಿಗೆ ಜೀವ ಬಂದಂತಾಯಿತು. ಹಾಡಿನ ಮಾತು ಬಂದರೆ ಅವನನ್ನು ಹಿಡಿಯುವವರಾರು! "ಭಾರಿ ಇತ್ತು! ನಿನ್ನ ದನಿ ಏನು, ನಿನ್ನ ತಾಳ ಏನು, ಆ ನಡುವ ಉಸಿರು ಹಿಡದಿ ನೋಡು..."

"ದನಿ ಅಲ್ರಿ. ಹಾಡಿನ್ಯಾಗ ಏನಿತ್ತು?"

ವೀರೇಶ ನೆನಪು ಮಾಡಿಕೊಂಡ. ಬೇಸ್ ನೆನಪಿತ್ತು, ಲೈಟ್ ನೆನಪಿತ್ತು, ತನ್ನ ಸಿಳ್ಳೆ ನೆನಪಿತ್ತು. ಆ ವೀಡಿಯೋವನ್ನು ಅದೆಷ್ಟು ಸಲ ತಿರುಗಿಸಿ ನೋಡಿದ್ದನೋ. ಅದರಲ್ಲೂ ಎಕೋದಲ್ಲಿ ಮಾತೆಲ್ಲ ಕಲಸಿಹೋಗಿತ್ತು, ಅದು ಮಾತು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಅರ್ಥವಾಗದ ಹಾಡನ್ನು ತಲೆಯ ಮೇಲೆ ಹೊತ್ತು ಕುಣಿದೂ ಕುಣಿದೂ, ಹಾಡಿನಲ್ಲಿ ಅರ್ಥವಿರುತ್ತದೆ ಎಂಬುದನ್ನೇ ಮರೆತಿದ್ದ. ಒಂದು ಸಾಲು, ಒಂದೇ ಒಂದು ಶಬ್ದ ಸಿಕ್ಕರೂ ಸಾಕಿತ್ತು. ಸಿಗಲಿಲ್ಲ.

"ನಾ ಕೇಳಲೇ ಇಲ್ಲ ಯವ್ವಾ" ಎಂದ ಕೊನೆಗೆ, ನೆಲ ನೋಡುತ್ತ.

ತುಳಜಾ ಸಿಟ್ಟು ಮಾಡಲಿಲ್ಲ. ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ಮನ್ಯಾಗ ನಾವು ಕೊಂಕಣಿ ಮಾತಾಡ್ತೇವ್ರಿ ಕಾಕಾ. ಬರಿಯಾಕೂ ನನಗ ಅದ ಹಗುರ ಆಗ್ತಿತ್ತು. ನಿಮಗ ತಿಳೀಲಿ ಅಂತನ ಆ ಹಾಡು ಕನ್ನಡದಾಗ ಬರದಿದ್ನಿ."