ಹಾಜರಿಗೆ ಮುಂಚೆ ದಡ ಮುಟ್ಟಿಸುವ ತೆಪ್ಪ

ಗೋಪಿನಾಥಂ ಕಡೆಯ ಕಾವೇರಿ ದಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟಮಾದಯ್ಯ ತೆಪ್ಪದೊಳಗಿನ ನೀರನ್ನು ಹಳೇ ಡಬ್ಬಿಯಲ್ಲಿ ಮೊಗೆದು ಚೆಲ್ಲುತ್ತಾರೆ. ಅರಿಸಿನ ಕಿತ್ತು ಬೆರಳೆಲ್ಲ ಹಳದಿಯಾದ ಐದಾರು ಹೆಂಗಸರು ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಆಚೆ ದಡ ತಮಿಳುನಾಡು. ಅಲ್ಲಿ ಬಸ್ಸು ಹಿಡಿದು ಇವರೆಲ್ಲ ನಿರಾಶ್ರಿತರ ಶಿಬಿರ ಸೇರಬೇಕು, ಅದೂ ಹಾಜರಿ ಕರೆಯುವ ಮುಂಚೆ.

ಲಂಕೆಯ ಯುದ್ಧಕ್ಕೆ ಹೆದರಿ ಓಡಿಬಂದ ತಮಿಳರ ಮಕ್ಕಳು ಇವರು. ಶಿಬಿರದ ಮನೆ, ಸರ್ಕಾರದ ಅಕ್ಕಿ ಎಲ್ಲವೂ ಅಲ್ಲಿ ಹೆಸರಿದ್ದರೆ ಮಾತ್ರ. ಬರೀ ಅಕ್ಕಿಯಲ್ಲಿ ಸಂಸಾರ ನಡೆಯುತ್ತದೆಯೇ? ಅದಕ್ಕೇ ಕೂಲಿ ಹುಡುಕಿಕೊಂಡು ಕದ್ದುಮುಚ್ಚಿ ಈಚೆಗೆ ಬರುತ್ತಾರೆ.

ಅರವತ್ತು ದಾಟಿದ ಪುಟ್ಟಮಾದಯ್ಯ ಅಪ್ಪನ ಕೈಯಿಂದ ತೆಪ್ಪದ ಹುಟ್ಟು ಹಿಡಿದವರು. ದಿನಕ್ಕೆ ಎಂಟು, ಹತ್ತು ಸಲ ದಾಟಿಸುತ್ತಾರೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ವಾರಗಟ್ಟಲೆ ಸುಮ್ಮನೆ ಕೂರಬೇಕು. ಬಲಭುಜ ಈಗ ಪೂರ್ತಿ ಮೇಲೇಳುವುದಿಲ್ಲ. ತಮಿಳೂ ಕನ್ನಡವೂ ಅಷ್ಟೇ ಸಲೀಸು. ಆದರೂ ಈ ಹಾಜರಿಯ ಸಂಗತಿ ಅವರಿಗೆ ಗೊತ್ತಾದದ್ದು ಹೋದ ವರ್ಷ, ಯೋಗೇಶ್ವರಿ ಎಂಬ ಹೆಂಗಸಿನಿಂದ.

ಅಂದು ಅಮಾವಾಸ್ಯೆ. ಆ ದಿನ ತೆಪ್ಪ ನೀರಿಗಿಳಿಸದೆ ಮಾದಪ್ಪನ ಬೆಟ್ಟಕ್ಕೆ ಹೋಗುವುದು ಅವರ ಮನೆತನದ ನಡವಳಿಕೆ. ದಡಕ್ಕೆ ಬಂದ ಯೋಗೇಶ್ವರಿ ದಾಟಿಸುತ್ತೀರಾ ಅಣ್ಣ ಎಂದು ಕೇಳಿದಳು. ಇವರು ನಾಳೆ ಬಾ ಎಂದು ಬಸ್ಸು ಹತ್ತಿದರು. ಅವಳು ಕಲ್ಲಿನ ಮೇಲೆ ಕೂತೇ ಇದ್ದಳು. ಅವತ್ತೇ ಶಿಬಿರದಲ್ಲಿ ಅಧಿಕಾರಿಗಳು ದಿಢೀರನೆ ಹಾಜರಿ ಕರೆದರು. ಅವಳಿರಲಿಲ್ಲ, ಹೆಸರು ಹೊಡೆದುಹಾಕಿದರು.

"ಬೇಡ್ಕಂಡಿದ್ರೆ ಬುಟ್ಬುಡ್ತಿದ್ನೇನೋ ಸಾ. ಅವ್ಳು ಎಲ್ಡನೇ ಮಾತೇ ಆಡ್ನಿಲ್ಲ. ಒಂದಿನದ ಕೂಲಿ ಓಗ್ಬೋದು ಅನ್ಕಂಡಿದ್ದೆ. ಊರೇ ಓಯ್ತದೆ ಅಂತ ಯಾರ್ಗೊತ್ತಿತ್ತು?" ಎನ್ನುತ್ತಾರೆ ಪುಟ್ಟಮಾದಯ್ಯ.

ಕೇಳಿದವರಿಗೂ ನಂಬಲಾಗುವುದಿಲ್ಲ. ಯೋಗೇಶ್ವರಿ ಹುಟ್ಟಿದ್ದು ಅದೇ ಶಿಬಿರದಲ್ಲಿ. ಲಂಕೆಯನ್ನು ಅವಳು ಕಣ್ಣಲ್ಲೂ ಕಂಡಿಲ್ಲ. ಈಗ ಶಿಬಿರದಲ್ಲಿ ಮಕ್ಕಳ ಹೆಸರಿದೆ, ತಾಯಿಯದಿಲ್ಲ. ಹೆತ್ತ ಮಕ್ಕಳ ಮನೆಯಲ್ಲೇ, ಯಾರಾದರೂ ಬಾಗಿಲು ಬಡಿದರೆ ಅವಳು ಬೆಚ್ಚುತ್ತಾಳೆ.

ಪುಟ್ಟಮಾದಯ್ಯ ಅವಳನ್ನು ಕರೆದುಕೊಂಡು ಕೊಳ್ಳೇಗಾಲದ ವಕೀಲ ಶಿವಕುಮಾರಸ್ವಾಮಿಯವರ ಬಳಿ ಹೋದರು. ನಿರಾಶ್ರಿತರಿಗೂ ದುಡಿಯುವ, ಓಡಾಡುವ ಹಕ್ಕುಂಟು ಎನ್ನುವ ಅಂತರರಾಷ್ಟ್ರೀಯ ಒಪ್ಪಂದ 1951ರಿಂದಲೂ ಇದೆ, ಆದರೆ ಭಾರತ ಅದಕ್ಕೆ ಸಹಿ ಹಾಕಿಲ್ಲ ಎಂದರು ವಕೀಲರು. ನಮ್ಮ ಸಂವಿಧಾನದ ಜೀವಿಸುವ ಹಕ್ಕು ಪರದೇಶದವರಿಗೂ ಸಲ್ಲುತ್ತದೆ, ಅದನ್ನೇ ಹಿಡಿದು ಮನವಿ ಕೊಡೋಣ ಎಂದೂ ಹೇಳಿದರು. ಪುಟ್ಟಮಾದಯ್ಯನವರ ತಲೆಯಲ್ಲಿ ಕೂತದ್ದು ಸಹಿಯ ಮಾತೊಂದೇ. "ಲೋಕವೆಲ್ಲ ಒಪ್ಕಂಡ್ರೂ ನಾವು ಯಾಕ್ ಹಾಕ್ನಿಲ್ಲ ಸಾ?" ಎಂದು ಈಗಲೂ ಸಿಕ್ಕವರನ್ನೆಲ್ಲ ಕೇಳುತ್ತಾರೆ.

ಶಿಬಿರದ ಕಚೇರಿಗೂ ಮತ್ತೆಮತ್ತೆ ಹೋಗಿ, ತಪ್ಪು ನನ್ನದು ಎಂದು ಕೈಮುಗಿದು ನಿಂತರು. ಇವಳಿಗೆ ನೀನೇನಾಗಬೇಕು ಎಂದು ಅಧಿಕಾರಿ ಕೇಳಿದಾಗ "ದಾಟ್ಸೋನು ಸಾ" ಎಂದರಂತೆ. ಮನವಿ ಇನ್ನೂ ವಿಚಾರಣೆಯಲ್ಲಿದೆ. ಯೋಗೇಶ್ವರಿಯ ಹೆಸರು ಮರಳಿ ಸೇರಿಲ್ಲ.

ಅಲ್ಲಿಂದ ಈಚೆಗೆ ಅವರು ಒಂದು ಅಮಾವಾಸ್ಯೆಯೂ ತೆಪ್ಪ ಕಟ್ಟಿಹಾಕಿಲ್ಲ. ಹಿರಿಯರ ನಡವಳಿಕೆ ಮುರಿದಿರಿ ಎಂದು ಹೆಂಡತಿ ಚಿಕ್ಕಬಸಮ್ಮ ಮೊದಲ ಸಲ ಅನ್ನ ಬಡಿಸಲಿಲ್ಲ. ಊರವರೂ ಮಾದಪ್ಪ ಮುನಿಯುತ್ತಾನೆ ಎಂದು ಹೆದರಿಸಿದರು.

ಹೆದರಿಕೆ ಆಗಲಿಲ್ಲವೇ ಎಂದರೆ ಪುಟ್ಟಮಾದಯ್ಯ ತೆಪ್ಪದ ಹಗ್ಗ ಬಿಚ್ಚುತ್ತ ಹೇಳುತ್ತಾರೆ: "ವರ್ಸಾಯ್ತು ಸಾ, ಬೆಟ್ಟಕ್ಕೆ ನಾನು ಓಗ್ನೇ ಇಲ್ಲ. ಮಾದಪ್ಪ ನನ್ನೆಸ್ರು ಒಡದಾಕ್ನಿಲ್ಲ."