ಕೋಳಿ ಛಾಪಿನ ಖಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಕೋಳಿ ಇತ್ತು. ಅದು ಕೂಗುತ್ತಿರಲಿಲ್ಲ, ತತ್ತಿ ಇಡುತ್ತಿರಲಿಲ್ಲ. ಅಂಗೈ ಅಗಲದ ಕಟ್ಟಿಗೆಯ ಠಸ್ಸೆಯ ಮೇಲೆ ಒಂದು ಕಾಲೆತ್ತಿ ಸುಮ್ಮನೆ ನಿಂತಿತ್ತು. ನಿನ್ನೆಯಿಂದ ಅಜ್ಜಿ ಯಾಕೆ ಮುಖ ಊದಿಸಿಕೊಂಡು ಕೂತಾಳೆ ಅಂತ ನೀವಿಬ್ಬರೂ ಕೇಳಿದಿರಲ್ಲ, ಅದಕ್ಕೂ ಈ ಕೋಳಿಗೂ ಸಂಬಂಧ ಉಂಟು. ತಡೀರಿ, ಹೇಳುತ್ತೇನೆ.

ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ಅಪ್ಪನ ಅಂಗಡಿ. ಅಪ್ಪ ಮಸಾಲೆ ಖಾರದ ಪುಡಿ ಮಾಡಿ ಮಾರುತ್ತಿದ್ದ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಲವಂಗ ಹುರಿಯುವ ದಿನ ಇಡೀ ಓಣಿ ಸೀನುತ್ತಿತ್ತು. ಎದುರುಮನೆಯವರು ಬೈಯುತ್ತಲೇ ಬಟ್ಟಲು ಹಿಡಿದುಕೊಂಡು ಬರುತ್ತಿದ್ದರು. ಪುಡಿಯನ್ನು ದಪ್ಪ ಕಾಗದದ ಪೊಟ್ಟಣಕ್ಕೆ ತುಂಬಿ, ದಾರ ಸುತ್ತಿ, ಮೇಲೆ ನೀಲಿ ಶಾಯಿಯ ಠಸ್ಸೆ ಹೊಡೆಯುವುದು ಅಕ್ಕನ ಕೆಲಸ. ನನಗೆ ಆ ಠಸ್ಸೆ ಮುಟ್ಟಲು ಪರವಾನಗಿ ಇರಲಿಲ್ಲ. ಕೈ, ಲಂಗ, ಗೋಡೆ ಎಲ್ಲಾ ನೀಲಿ ಮಾಡುತ್ತೇನೆ ಅಂತ.

ಅಪ್ಪ ಕೆತ್ತಿಸಿದ್ದು ನವಿಲು. ಕೆತ್ತಿದವನ ಕೈಗುಣವೋ ಏನೋ, ಗರಿಯೆಲ್ಲ ಮುದ್ದೆಯಾಗಿ ಥೇಟ್ ಕೋಳಿಯ ಹಾಗೆ ಕಾಣುತ್ತಿತ್ತು. "ಇದು ನವಿಲರೀ, ನವಿಲು" ಅಂತ ಅಪ್ಪ ಒಂದು ವರ್ಷ ಎಲ್ಲರಿಗೂ ಹೇಳಿ ನೋಡಿದ. ಯಾರು ಕೇಳಬೇಕು? ಲಕ್ಷ್ಮೇಶ್ವರದಿಂದ ಬಂದವರು, ಶಿರಹಟ್ಟಿಯಿಂದ ಬಂದವರು, ಎಲ್ಲರೂ "ಕೋಳಿ ಖಾರ ಕೊಡ್ರಿ" ಅಂತಲೇ ಕೇಳುತ್ತಿದ್ದರು. ಕೊನೆಗೆ ಅಪ್ಪನೂ ಕೋಳಿ ಅನ್ನತೊಡಗಿದ.

ಒಮ್ಮೆ ಪೊಟ್ಟಣ ತೀರಿತ್ತು. ಮುಂಡರಗಿಯಿಂದ ಬಂದವನೊಬ್ಬನಿಗೆ ಅಪ್ಪ ಅದೇ ಪುಡಿಯನ್ನು ಡಬ್ಬಿಯಿಂದ ತೆಗೆದು ಹಳೆಯ ಕಾಗದದಲ್ಲಿ ಕಟ್ಟಿಕೊಟ್ಟ. ಮುಂದಿನ ವಾರ ಅವನು ಉಳಿದ ಪುಡಿ ವಾಪಸ್ ತಂದ. "ಸಪ್ಪಗೈತ್ರಿ, ಕೋಳೀದ ರುಚಿ ಇದಕ್ಕ ಎಲ್ಲಿಂದ ಬರಬೇಕು" ಅಂದ. ಅಪ್ಪ ಕೋಳಿ ಇದ್ದ ಪೊಟ್ಟಣ ಬದಲಿ ಕೊಟ್ಟ. ಅವನು ಅಲ್ಲೇ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, "ಹಾಂ! ಇದು ನೋಡ್ರಿ ಖಾರ ಅಂದ್ರ!" ಅಂತ ಕಣ್ಣರಳಿಸಿದ. ನಾನು ಒಳಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಂದಿ ಪುಡಿ ತಿನ್ನುವುದಿಲ್ಲ, ಕಾಗದ ತಿನ್ನುತ್ತಾರೆ ಅಂತ ಅವತ್ತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮ ಗಿರಾಕಿಗಳಲ್ಲೆಲ್ಲ ಖಾಯಂ ಗಿರಾಕಿ ಅಂದರೆ ಹರ್ತಿಯ ಆಯಿ. ನಮಗೆ ಬಳಗವಲ್ಲ, ಆದರೂ ಎಲ್ಲರೂ ಆಕೆಯನ್ನು ಅಜ್ಜಿ ಅನ್ನುವ ಹಾಗೆ ಆಯಿ ಅಂತಲೇ ಕರೆಯುತ್ತಿದ್ದರು. ಮದುವೆ, ಕುಬಸ, ತೊಟ್ಟಿಲು, ಯಾರ ಮನೆಯಲ್ಲಿ ಏನೇ ಇರಲಿ, ಅಡುಗೆಗೆ ಆಯಿಯೇ ಬೇಕು. ಗದಗಿನಿಂದ ಮುಳಗುಂದದವರೆಗೂ ಆಕೆಯ ಹೆಸರಿತ್ತು. ದೇವರಿಗೆ ಎಡೆ ಹಿಡಿಯುವ ಮೊದಲು ಆಯಿ ಅಡುಗೆಯ ರುಚಿ ನೋಡುತ್ತಿರಲಿಲ್ಲ, ಮೂಸಿಯೂ ನೋಡುತ್ತಿರಲಿಲ್ಲ. ಆದರೂ ಉಪ್ಪು ಖಾರ ಒಂದು ಕಾಳು ಹೆಚ್ಚಿಲ್ಲ, ಕಮ್ಮಿ ಇಲ್ಲ. "ಎಂಥಾ ಭಕ್ತಿ, ಎಂಥಾ ಕೈ!" ಅಂತ ಹೆಂಗಸರು ಬಾಯಿ ತುಂಬಾ ಹೊಗಳುತ್ತಿದ್ದರು.

ಒಂದು ದಿನ ನಮ್ಮ ಓಣಿಯಲ್ಲೇ ಕುಬಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಊರಿಗೆಲ್ಲ ಊಟ. ಅಡುಗೆಗೆ ಆಯಿ ಮೊದಲ ಬಸ್ಸಿಗೇ ಬಂದಿಳಿದು ನೇರ ನಮ್ಮ ಅಂಗಡಿಗೆ ಬಂದಳು. ಅಪ್ಪ ಗಿರಣಿಗೆ ಹೋಗಿದ್ದ, ಅಕ್ಕ ನೀರಿಗೆ ಹೋಗಿದ್ದಳು. ಗಲ್ಲೆಯ ಮೇಲೆ ನಾನೊಬ್ಬಳೇ ರಾಣಿಯಾಗಿ ಕೂತಿದ್ದೆ.

ಪೊಟ್ಟಣ ಕೊಟ್ಟೆ. ಆಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಕೋಳಿ ಎಲ್ಲೈತಬೇ?"

ಅಕ್ಕ ಇನ್ನೂ ಠಸ್ಸೆ ಹೊಡೆದಿರಲಿಲ್ಲ. "ಅದ ಪುಡಿ ಐತಿ ಆಯಿ, ಕೋಳಿ ಒಂದ ಇಲ್ಲ ನೋಡ್ರಿ" ಅಂದೆ.

"ಕೋಳಿ ಇಲ್ಲದ್ದು ನನಗ ಬ್ಯಾಡ. ನೀ ಸಣ್ಣಾಕಿ, ನಿನಗೇನ ತಿಳೀತದ. ಅಕ್ಕನ್ನ ಕರಿ ಹೋಗು."

ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಣ್ಣಾಕಿ ಅಂತೆ! ಬೇಕಾದ್ದು ಕೋಳಿ ತಾನೇ, ಕೊಡ್ತೀನಿ ತಡಿ ಅಂದುಕೊಂಡು ಒಳಗೆ ಹೋದೆ. ಮೂಲೆಯಲ್ಲಿ ಒಂದು ಸಣ್ಣ ಚೀಲ ಇತ್ತು. ಹಿಂದಿನ ವಾರ ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯ ಡಬ್ಬಿ ಉರುಳಿ ಆ ಚೀಲದ ಬುಡಕ್ಕೆ ತಾಗಿತ್ತು. ಪುಡಿಗೆಲ್ಲ ಎಣ್ಣೆಯ ವಾಸನೆ ಹತ್ತಿತ್ತು. ತಿಪ್ಪೆಗೆ ಹಾಕಬೇಕು, ಯಾರೂ ಮುಟ್ಟಬೇಡಿ ಅಂತ ಅಪ್ಪ ಅದನ್ನು ಬೇರೆ ಇಟ್ಟಿದ್ದ. ಅದರಿಂದಲೇ ಒಂದು ಪೊಟ್ಟಣ ತುಂಬಿದೆ. ದಾರ ಸುತ್ತಿದೆ. ಠಸ್ಸೆ ಎತ್ತಿಕೊಂಡು ಎರಡು ಕೈಯಿಂದ ಒತ್ತಿದೆ. ಕೋಳಿ ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಅಕ್ಕನಿಗೂ ಅಷ್ಟು ಚೆಂದ ಬರುತ್ತಿರಲಿಲ್ಲ.

ಈಗ ಆಯಿ ಮೂಗು ಮುರಿಯುತ್ತಾಳೆ, ಈಗ ಬೈಯುತ್ತಾಳೆ, ಆಗ ನಾನು "ಕೋಳಿ ಐತಲ್ಲ ಆಯಿ!" ಅಂತ ನಗಬೇಕು. ಅಷ್ಟೇ ನನ್ನ ಹಂಚಿಕೆ. ಖರೇ ಹೇಳುತ್ತೇನೆ, ಅದಕ್ಕಿಂತ ಮುಂದೆ ನಾನು ಯೋಚಿಸಿರಲಿಲ್ಲ. ಆಯಿ ಪೊಟ್ಟಣ ಕೈಗೆ ತೆಗೆದುಕೊಂಡಳು. ಕೋಳಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕಣ್ಣಿಗೆ ಒತ್ತಿಕೊಂಡಳು. ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಪುಟಾಣಿ ಕಡಲೆ, ಬೆಲ್ಲ ಹಾಕಿ, "ಶಾಣ್ಯಾಕಿ ನನ್ನವ್ವ" ಅಂದು ಸರಸರ ಹೋದಳು.

ನಾನು ಹಿಂದೆ ಓಡಬೇಕಿತ್ತು. ಪೊಟ್ಟಣ ಬಿಚ್ಚಿದ ಕೂಡಲೇ ವಾಸನೆ ಬರುತ್ತದೆ, ವಾಪಸ್ ಬಂದು ನನ್ನ ಕಿವಿ ಹಿಂಡುತ್ತಾಳೆ ಅಂದುಕೊಂಡೆ. ಪುಟಾಣಿ ತಿಂದೆ. ಅಕ್ಕ ಬಂದು ಎರಡು ಜಡೆ ಹಾಕಿದಳು. ಹೊಸ ಲಂಗ ಉಟ್ಟೆ. ಆಯಿ ವಾಪಸ್ ಬರಲೇ ಇಲ್ಲ, ನನಗೂ ಮರೆತೇ ಹೋಯಿತು.

ಮಧ್ಯಾಹ್ನ ಎಡೆ ಆಯಿತು, ಆರತಿ ಆಯಿತು, ಪಂಕ್ತಿ ಕೂತಿತು. ನಾನು ಅಪ್ಪನ ಪಕ್ಕದಲ್ಲಿ ಕೂತೆ. ಬಿಸಿ ರೊಟ್ಟಿ ಬಂತು, ಬದನೆಕಾಯಿ ಎಣ್ಣೆಗಾಯಿ ಬಂತು, ಕಟ್ಟಿನ ಸಾರು ಬಂತು. ಮೊದಲ ತುತ್ತಿಗೇ ಆ ತುದಿಯಲ್ಲಿ ಯಾರೋ ಥೂ ಅಂದರು. ಈ ತುದಿಯಲ್ಲಿ ಒಬ್ಬ ಹುಡುಗ ಎಲೆಯ ಮೇಲೇ ಉಗುಳಿದ. ಬಸುರಿ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಎಣ್ಣೆಗಾಯಿಯ ಮೇಲಿಂದ ನಮ್ಮ ಮೂಲೆಯ ಚೀಲದ ವಾಸನೆ ಬರುತ್ತಿತ್ತು.

ತರಕಾರಿ ಹೆಚ್ಚಲು ಬಂದಿದ್ದ ಹೆಂಗಸರು, "ನಾವು ಸ್ಟೋದ ವಾಸನಿ ಅಂತ ಮಾಡಿದ್ವಿರಿ" ಅಂದರು. ಮನೆಯ ಯಜಮಾನಿ ಆಯಿಯನ್ನು ಪಂಕ್ತಿಯ ನಡುವೆ ಕರೆದಳು. "ಏನ ಹಾಕೀರಿ ಆಯಿ ಇದರಾಗ? ಚಿಮಣಿ ಎಣ್ಣಿ ನಾರಾಕತ್ತೈತಲ್ಲ!"

ಆಯಿ ಒಂದು ಬಟ್ಟಲಲ್ಲಿ ಸಾರು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಎಲ್ಲರೂ ಆಕೆಯ ಮುಖವನ್ನೇ ನೋಡುತ್ತಿದ್ದರು. ಆಕೆ ಒಂದು ಗುಟುಕು ಕುಡಿದಳು. "ಘಮ್ ಅಂತೈತಲ್ಲವ್ವಾ, ಏನಾಗೇತಿ?" ಅಂದಳು.

ಯಜಮಾನಿ ಒಳಗಿನಿಂದ ಅರ್ಧ ಖಾಲಿಯಾದ ಪೊಟ್ಟಣ ತಂದು ಆಯಿಯ ಮೂಗಿಗೇ ಹಿಡಿದಳು. ಆಯಿ ಹೆಬ್ಬೆರಳಿನಿಂದ ಕೋಳಿಯನ್ನು ಸವರಿ ನೋಡಿ, "ಪುಡಿ ಛಲೋನ ಐತಿ. ಕೋಳೀದ ಐತಲ್ಲ! ಅದರ ಹೆಸರ ಕೆಡಿಸಬ್ಯಾಡ್ರಿ, ಈ ಕೋಳಿ ನನಗ ಎಂದೂ ಮೋಸ ಮಾಡಿಲ್ಲ" ಅಂದಳು. ಧೈರ್ಯವಾಗಿ, ಎಲ್ಲರಿಗೂ ಕೇಳುವ ಹಾಗೆ ಅಂದಳು.

ಆಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯ, ಆಯಿಗೆ ವಾಸನಿನ ಹತ್ತೂದಿಲ್ಲ!" ಅಂತ ಯಾರೋ ಪಿಸುಗುಟ್ಟಿದರು. ಪಂಕ್ತಿಯ ತುಂಬಾ ಆ ಮಾತು ಓಡಿತು. ಅದು ಆಯಿಯ ಕಿವಿಗೂ ಮುಟ್ಟಿತು. ಆಕೆ ಬಟ್ಟಲು ಕೆಳಗಿಟ್ಟು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮೂಸಿದಳು.

ಅಪ್ಪ ಎದ್ದು ನಿಂತ. ಪೊಟ್ಟಣ ಇಸಿದುಕೊಂಡು ಮೂಸಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಮುಖವನ್ನಲ್ಲ, ಎಲೆಯ ಪಕ್ಕ ಇಟ್ಟಿದ್ದ ನನ್ನ ಹೆಬ್ಬೆರಳನ್ನು ನೋಡಿದ. ಅದು ನೀಲಿಯಾಗಿತ್ತು.

"ತಪ್ಪು ನಂದರೀ. ಕೆಟ್ಟ ಪುಡಿ ನನ್ನ ಅಂಗಡೀದು. ಆಯಿದೇನೂ ತಪ್ಪಿಲ್ಲ" ಅಂತ ಅಪ್ಪ ಕೈಮುಗಿದ. ನಾನು ಅಲ್ಲೇ ಎದ್ದು "ನಾನು ಮಾಡಿದ್ದು" ಅನ್ನಬೇಕಿತ್ತು. ಒಂದೇ ಮಾತು. ಲಂಗದ ಮಡಿಕೆಯಲ್ಲಿ ಹೆಬ್ಬೆರಳು ಮುಚ್ಚಿಕೊಂಡು ಕೂತೆ.

ಸಂಜೆ ಅಪ್ಪ ನನ್ನನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡ. ಆ ಶಾಯಿ ನೀರಿಗೆ ಹೋಗುತ್ತಿರಲಿಲ್ಲ. ಬಟ್ಟೆಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ನನ್ನ ಬೆರಳು ಒರೆಸಿದ. ಬೈಯಲಿಲ್ಲ, ಹೊಡೆಯಲಿಲ್ಲ. ಎರಡು ಏಟು ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಆಯಿಗೆ ದೊಡ್ಡ ಜ್ವರ ಬಂದಿತ್ತಲ್ಲ, ಆವಾಗ ವಾಸನಿ, ರುಚಿ ಎರಡೂ ಹೋದುವು" ಅಂದ ಅಪ್ಪ. "ನನಗೊಬ್ಬಾವಗ ಹೇಳಿದ್ದಳು. ನಿನ್ನ ಪುಡಿ ಎಂದೂ ಒಂದ ಥರ ಇದ್ರ ನಾ ಚಮಚಾ ಎಣಿಸಿ ಅಡಿಗಿ ಮಾಡ್ತೀನಿ ತಮ್ಮಾ, ಇಲ್ಲಂದ್ರ ನನ್ನ ಹೊಟ್ಟಿಪಾಡು ಹೋತು ಅಂದಿದ್ದಳು. ಅದಕ್ಕ ಆಕಿಗೆ ಕೋಳಿ ಬೇಕು. ನಾ ಪ್ರತೀ ಸಲ ತೂಕ ಹಿಡಿದು ಹುರಿಯೋದು ಯಾರ ಸಲುವಾಗಿ ಅಂತ ಮಾಡೀ?"

ನಾನು ಅಳತೊಡಗಿದೆ. "ಅತ್ತು ಏನ್ ಮಾಡ್ತಿ. ಹೋಗಿ ಆಕಿ ಮುಂದ ಹೇಳು. ನಾ ಹೇಳಿದ್ರ ನಂಬೂದಿಲ್ಲ, ಆಯಿ ಮಾನ ಉಳಿಸಾಕ ಸುಳ್ಳ ಹೇಳಾಕತ್ತಾನ ಅಂತಾಳ" ಅಂದ ಅಪ್ಪ. ಪಂಕ್ತಿಯಲ್ಲಿ ಅಪ್ಪ ಕೈಮುಗಿದಾಗಲೇ ಆಯಿ ಹಾಗೆ ಅಂದುಕೊಂಡಿದ್ದಳು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಅಂತ ನಾನು ದಿನ ದೂಡಿದೆ. ಹರ್ತಿ ಎಷ್ಟು ದೂರ? ಒಂದು ಬಸ್ಸು.

ಆಮೇಲೆ ಯಾರೂ ಆಯಿಯನ್ನು ಅಡುಗೆಗೆ ಕರೆಯಲಿಲ್ಲ. ಕರೆದಿದ್ದರೂ ಆಕೆ ಹೋಗುತ್ತಿರಲಿಲ್ಲವೇನೋ. ಮಳೆಗಾಲ ಮುಗಿದ ಮೇಲೆ ಒಂದು ಸಲ ಅಂಗಡಿಗೆ ಬಂದಳು. ಸೊರಗಿದ್ದಳು. ಅವತ್ತೂ ಗಲ್ಲೆಯ ಮೇಲೆ ನಾನೊಬ್ಬಳೇ ಇದ್ದೆ. ಒಂದೇ ಒಂದು ಸಣ್ಣ ಪೊಟ್ಟಣ ಕೇಳಿದಳು, ತನ್ನ ಮನೆಗೆ. ಕೋಳಿ ಇದ್ದದ್ದನ್ನೇ ಕೊಟ್ಟೆ. ಆಕೆ ಅದನ್ನು ಸವರಿ ನೋಡಲಿಲ್ಲ. ನನ್ನ ಕೈಗೇ ವಾಪಸ್ ಇಟ್ಟು, "ಸ್ವಲ್ಪ ಮೂಸಿ ಹೇಳಬೇ ನನ್ನವ್ವ, ಛಲೋ ಐತೇನು?" ಅಂದಳು.

ನನ್ನನ್ನು ಕೇಳಿದಳು, ಮಕ್ಕಳೇ! ಆ ಊರಲ್ಲಿ ಅಷ್ಟು ಮಂದಿ ಇರುವಾಗ ನನ್ನನ್ನು ಕೇಳಿದಳು.

ಮೂಸಿದೆ. "ಛಲೋ ಐತಿ ಆಯಿ" ಅಂದೆ.

"ನನಗ ಗೊತ್ತಿತ್ತು. ಕೋಳಿ ಎಂದೂ ಕೆಡೂದಿಲ್ಲ. ಕೆಟ್ಟಿದ್ದು ನಾನು. ಆ ಬಸುರಿ ಹುಡುಗಿ ಊಟ ಹಾಳ ಮಾಡಿದೆ" ಅಂದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ ಪುಟಾಣಿ ತೆಗೆದಳು. ಕೈ ಚಾಚಿ ಇಸಿದುಕೊಂಡೆ, ಮಾತು ನುಂಗಿದೆ. ಆಕೆ ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಗೆ ಆಯಿ ತೀರಿಕೊಂಡಳು ಅಂತ ಖಬರ ಬಂತು. ತಾನೇ ಅಡುಗೆ ಕೆಡಿಸಿದೆ ಅಂದುಕೊಂಡೇ ಹೋದಳು.

ನಿಮ್ಮ ಕಾಲದಲ್ಲಿ ಕೋಳಿಯೂ ಇಲ್ಲ, ನವಿಲೂ ಇಲ್ಲ. ಫೋನಿನಲ್ಲಿ ಐದು ಚುಕ್ಕಿ ನೋಡುತ್ತೀರಿ, ತರಿಸುತ್ತೀರಿ. ಚುಕ್ಕಿ ಜಾಸ್ತಿ ಇದ್ದರೆ ರೊಟ್ಟಿಯೂ ಮೆತ್ತಗಿದೆ ಅನ್ನಿಸುತ್ತದೆ ನಿಮಗೆ. ನಾನು ನಗುವುದಿಲ್ಲ, ಆ ನಗು ನನಗೆ ಬಹಳ ತುಟ್ಟಿಯಾಗಿದೆ. ಆದರೆ ನಿನ್ನೆ ನೀವಿಬ್ಬರೂ ಏನು ಮಾಡಿದಿರಿ? ಮೂಲೆಯ ರೊಟ್ಟಿ ಅಂಗಡಿಯ ಅಕ್ಕ ಸೈಕಲ್ ಅಡ್ಡ ನಿಲ್ಲಿಸಬೇಡಿ ಅಂತ ಬೈದಳು. ಅದಕ್ಕೆ ಫೋನಿನಲ್ಲಿ ಆಕೆಯ ಅಂಗಡಿಗೆ ಒಂದೇ ಚುಕ್ಕಿ ಒತ್ತಿದಿರಿ, ರೊಟ್ಟಿಯಲ್ಲಿ ಜಿರಳೆ ಸಿಕ್ಕಿತು ಅಂತ ಬರೆದಿರಿ. ಬರೆದು ಬಿದ್ದು ಬಿದ್ದು ನಕ್ಕಿರಿ. ಜಿರಳೆ ಇರಲಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು.

ಬೆರಳಿನಿಂದ ಒತ್ತಿದರೆ ಅದು ಅಳಿಸುತ್ತದಂತೆ. ಪುಣ್ಯವಂತರು ನೀವು, ಬೆರಳೂ ನೀಲಿಯಾಗುವುದಿಲ್ಲ. ಅಳಿಸಿರಿ, ಈಗಲೇ, ನನ್ನ ಎದುರಿಗೆ. ಆದರೆ ಅಷ್ಟಕ್ಕೇ ಬಿಡುವವಳಲ್ಲ ನಾನು. ನಿನ್ನೆಯಿಂದ ಆಕೆ ಗಿರಾಕಿ ಯಾಕೆ ಕಮ್ಮಿ ಆದರು ಅಂತ ತನ್ನ ರೊಟ್ಟಿಯನ್ನೇ ತಾನು ತಿರುಗಿಸಿ ತಿರುಗಿಸಿ ನೋಡುತ್ತಿರಬಹುದು. ಏಳ್ರಿ, ಚಪ್ಪಲಿ ಹಾಕ್ಕೊಳ್ರಿ. ಅಂಗಡಿ ಇನ್ನೂ ತೆರೆದೈತಿ. ಮಾತು ನೀವ ಆಡಬೇಕು, ನಾ ಬಾಜೂಕ ನಿಂತಿರ್ತೀನಿ.